ಮಳೆ ಬಂದರೂ ನೀರು ನಿಲ್ಲದ ಸೀಮೆ: ಜಾವಾದ ಹಳ್ಳಿ ಕುರಿತು ಓದುಗರ ಪ್ರಶ್ನೆಗಳು

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಕರ್ತ ನಗರದ ಆಗ್ನೇಯಕ್ಕೆ ಗುನುಂಗ್‌ಕಿದುಲ್ ಎಂಬ ಜಿಲ್ಲೆಯಿದೆ. ಸುಣ್ಣಕಲ್ಲಿನ ಗುಡ್ಡಗಳ ಆ ಒಳನಾಡಿನಲ್ಲಿ ಮಳೆಯನ್ನೇ ನಂಬಿ ಬೇಸಾಯ ಮಾಡುವ ಹಳ್ಳಿಗಳನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೆವು. ದಾವಣಗೆರೆ, ಚಿತ್ರದುರ್ಗ ಸೀಮೆಯ ಓದುಗರಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಲ್ಲಿ ವರ್ಷಕ್ಕೆ 1,800 ಮಿಲಿಮೀಟರ್ ಮಳೆ ಅಂತ ಬರೆದಿದ್ದೀರಿ. ಕೆಳಗೇ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಅಂತಲೂ ಇದೆ. ಎರಡೂ ನಿಜವೇ? ನಮಗೆ ಅದರ ಮೂರನೇ ಒಂದು ಪಾಲು ಬಿದ್ದರೆ ಸಾಕು, ಕೆರೆ ಕೋಡಿ ಬೀಳುತ್ತೆ.
– ಜಗಳೂರು ತಾಲ್ಲೂಕಿನ ರೈತರು

ಉತ್ತರ: ಎರಡೂ ನಿಜ. ಮಳೆಯ ಬಹುಪಾಲು ನವೆಂಬರಿನಿಂದ ಏಪ್ರಿಲ್ ಒಳಗೆ ಸುರಿದು ಮುಗಿಯುತ್ತದೆ. ಜಿಲ್ಲೆಯ ದಕ್ಷಿಣ ಭಾಗದ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಈ ಕಲ್ಲನ್ನು ಲಕ್ಷಾಂತರ ವರ್ಷಗಳಿಂದ ಕರಗಿಸಿ ಬಿರುಕು, ಬಿಲ, ಗವಿಗಳನ್ನು ಮಾಡಿದೆ. ಬಿದ್ದ ನೀರು ಹಳ್ಳವಾಗಿ ಹರಿಯುವ ಮೊದಲೇ ಆ ಬಿಲಗಳಿಗೆ ಇಳಿದು, ಕೆಳಗೆ ನದಿಯಾಗಿ ಹರಿದು, ದಕ್ಷಿಣದ ಸಮುದ್ರ ಸೇರುತ್ತದೆ. ಹಾಗಾಗಿ ಅಲ್ಲಿ ಗುಡ್ಡಗಳ ನಡುವೆ ಹೊಳೆ ಕಾಣುವುದಿಲ್ಲ, ನಮ್ಮ ಹಾಗೆ ಕೆರೆಯಿಂದ ಕೆರೆಗೆ ಕೋಡಿ ಹರಿಯುವ ಸರಣಿಯೂ ಇಲ್ಲ. ಚಿತ್ರದುರ್ಗದ ಗಟ್ಟಿ ಬಂಡೆಯ ಮೇಲೆ ನಿಂತ ಕಟ್ಟೆಗೆ ನೀರು ಹಿಡಿಯುವ ಗುಣ ನೆಲದಿಂದಲೇ ಬರುತ್ತದೆ. ಅವರಿಗೆ ಆ ಭಾಗ್ಯವಿಲ್ಲ.

ಬೋರ್‌ವೆಲ್ ಕೊರೆಸಬಾರದೇ ಎಂದು ಇಬ್ಬರು ಕೇಳಿದ್ದಾರೆ. ಸುಣ್ಣಕಲ್ಲಿನಲ್ಲಿ ನೀರು ಪದರವಾಗಿ ಹರಡಿರುವುದಿಲ್ಲ, ಗವಿಯ ದಾರಿ ಹಿಡಿದು ಓಡುತ್ತದೆ. ಕೊರೆದ ಕೊಳವೆ ಆ ದಾರಿಗೆ ನೇರವಾಗಿ ಬಿದ್ದರೆ ನೀರು, ನಾಲ್ಕು ಮಾರು ಪಕ್ಕಕ್ಕೆ ಸರಿದರೆ ಒಣ ಕಲ್ಲು. ಬ್ರಿಬಿನ್ ಎಂಬಲ್ಲಿ ನೆಲದಿಂದ ಸುಮಾರು 100 ಮೀಟರ್ ಆಳದಲ್ಲಿ ಹರಿಯುವ ನದಿಗೆ, ಗವಿಯ ಒಳಗೇ ಅಡ್ಡಗಟ್ಟೆ ಕಟ್ಟಿದ್ದಾರೆ. ಆ ನೀರಿನ ಒತ್ತಡದಿಂದಲೇ ಪಂಪು ತಿರುಗಿಸಿ ನೀರನ್ನು ಮೇಲೆತ್ತುತ್ತಾರೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಎಂಜಿನಿಯರುಗಳ ನೆರವಿನಿಂದ ಆದ ಕೆಲಸವದು. ಆದರೆ ಅಲ್ಲಿಂದ ಕೊಳವೆ ಮುಟ್ಟದ ಗುಡ್ಡದ ಮನೆಗಳಿಗೆ ಚಾವಣಿಯ ಮಳೆನೀರೇ ಗತಿ.

ಆ ಚಾವಣಿ ತೊಟ್ಟಿಯ ಲೆಕ್ಕ ನಮಗೂ ಉಪಯೋಗಕ್ಕೆ ಬರುವುದರಿಂದ ಬಿಡಿಸಿ ಹೇಳುತ್ತೇವೆ. 60 ಚದರ ಮೀಟರ್ ಹೆಂಚಿನ ಮನೆ, 1,800 ಮಿ.ಮೀ. ಮಳೆ, ನೂರಕ್ಕೆ ಇಪ್ಪತ್ತು ಭಾಗ ನಷ್ಟ ಎಂದಿಟ್ಟುಕೊಂಡರೆ ವರ್ಷಕ್ಕೆ 86,400 ಲೀಟರ್ ಬರುತ್ತದೆ. ತೊಟ್ಟಿ ಹಿಡಿಯುವುದು ಸಾಮಾನ್ಯವಾಗಿ ಹತ್ತು ಸಾವಿರ ಲೀಟರ್ ಆಸುಪಾಸು. ಐದು ಜನರ ಮನೆ ಕುಡಿಯಲು, ಅಡುಗೆಗೆ, ತೊಳೆಯಲು ತಲೆಗೆ ದಿನಕ್ಕೆ 20 ಲೀಟರಿನಂತೆ ಹಿಡಿತವಾಗಿ ಬಳಸಿದರೆ ನೂರು ದಿನ. ಕೊನೆಯ ಮಳೆ ಏಪ್ರಿಲ್ ಕೊನೆಗೆ ನಿಂತರೆ ಆಗಸ್ಟ್ ಎರಡನೇ ವಾರಕ್ಕೆ ತಳ ಕಾಣುತ್ತದೆ. ಮುಂದಿನ ಮಳೆಗೆ ಇನ್ನೂ ಎರಡೂವರೆ ಮೂರು ತಿಂಗಳು. ಟ್ಯಾಂಕರ್ ಬರುವುದು ಆ ಸಂದಿಯಲ್ಲಿ. ಮಳೆ ಕಡಿಮೆಯಾಗಿ ಬಂದ ಕೊರತೆಯಲ್ಲ ಇದು, ತೊಟ್ಟಿ ಸಣ್ಣದಾಗಿ ಬಂದದ್ದು.

ನಮ್ಮ 550 ಮಿ.ಮೀ. ಮಳೆಗೆ ಅಷ್ಟೇ ದೊಡ್ಡ ಚಾವಣಿಯಿಂದ 26,400 ಲೀಟರ್ ಸಿಗುತ್ತದೆ. ಅದೂ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಹರಡಿಕೊಂಡು ಬರುವುದರಿಂದ ತೊಟ್ಟಿ ನಡುನಡುವೆ ತುಂಬಿಕೊಳ್ಳುತ್ತದೆ. ಮೊದಲ ಮಳೆಯ 2 ಮಿ.ಮೀ., ಅಂದರೆ ಈ ಚಾವಣಿಗೆ 120 ಲೀಟರ್, ಹೊರಗೆ ಬಿಡಬೇಕು. ಧೂಳು, ಹಕ್ಕಿ ಹಿಕ್ಕೆ ಅದರಲ್ಲೇ ಹೋಗುತ್ತದೆ. ತೂತಿಗೆಲ್ಲ ಸೊಳ್ಳೆ ಬಲೆ ಬಿಗಿಯಬೇಕು, ಇಲ್ಲವಾದರೆ ತೊಟ್ಟಿಯಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ. ತಂತಿಜಾಲಿಗೆ ಸಿಮೆಂಟ್ ಮೆತ್ತಿ ಮಾಡಿದ ತೆಳು ಗೋಡೆಯ ತೊಟ್ಟಿಯನ್ನು ಬೇಸಿಗೆಯಲ್ಲಿ ಪೂರ್ತಿ ಖಾಲಿ ಬಿಟ್ಟರೆ ಬಿಸಿಲಿಗೆ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ. ತಳದಲ್ಲಿ ಒಂದು ಗೇಣು ನೀರನ್ನಾದರೂ ಉಳಿಸಿ.

ಪ್ರಶ್ನೆ: ಅಲ್ಲಿ ಕೆರೆಗಳೇ ಇಲ್ಲವೇ?
– ಹೊಳಲ್ಕೆರೆ

ಉತ್ತರ: ಇವೆ, ‘ತೆಲಾಗಾ’ ಎನ್ನುತ್ತಾರೆ. ಏರಿ ಹಾಕಿ ಕಟ್ಟಿದ ಕೆರೆಯಲ್ಲ. ಸುಣ್ಣಕಲ್ಲು ಕುಸಿದು ಆದ ಬೋಗುಣಿಯ ತಳದಲ್ಲಿ, ಗುಡ್ಡದಿಂದ ತೊಳೆದು ಬಂದ ಜೇಡಿ ಮಣ್ಣು ಕೂತು ಬಿಲಗಳನ್ನು ಮುಚ್ಚಿದ್ದರಿಂದ ನೀರು ನಿಂತಿದೆ. ಸ್ನಾನ, ಬಟ್ಟೆ, ದನಗಳಿಗೆ ಇದೇ ನೀರು. ಸುತ್ತ ಆಲ, ಅತ್ತಿ ಜಾತಿಯ ಹಳೆಯ ಮರಗಳನ್ನು ಊರವರು ಕಡಿಯಗೊಡುವುದಿಲ್ಲ.

ಹೂಳೆತ್ತುವ ವಿಚಾರ ಇಲ್ಲಿ ಬಹಳ ಮುಖ್ಯ. ಹೆಚ್ಚು ನೀರು ಹಿಡಿಯಲೆಂದು ಕೆಲವು ತೆಲಾಗಾಗಳನ್ನು ಯಂತ್ರದಿಂದ ಆಳ ಮಾಡಿ, ದಡಕ್ಕೆ ಕಲ್ಲು ಸಿಮೆಂಟ್ ಕಟ್ಟಿದರು. ಬಕೆಟ್ಟು ತಳದ ಜೇಡಿಯನ್ನೂ ಕೆರೆದು ಹಾಕಿದಲ್ಲೆಲ್ಲ ಬಿಲದ ಬಾಯಿ ತೆರೆದುಕೊಂಡಿತು, ಮೊದಲು ನಿಲ್ಲುತ್ತಿದ್ದ ನೀರೂ ಬೇಗ ಇಂಗಿಹೋಯಿತು. ನಮ್ಮಲ್ಲಿ ಕೆಳಗೆ ಗವಿಗಳಿಲ್ಲ, ನಿಜ. ಆದರೂ ಕಟ್ಟೆಯ ತಳದಲ್ಲಿ ನುಣುಪಾದ ಜೇಡಿ ಪದರದ ಕೆಳಗೆ ಗರಸು ಇರುವ ಕಡೆ ಅಪಾಯ ಅದೇ. ಜೆಸಿಬಿ ಇಳಿಸುವ ಮೊದಲು ಮೂರು ನಾಲ್ಕು ಕಡೆ ಗುಂಡಿ ತೋಡಿ, ಹೂಳು ಎಷ್ಟು ಆಳ, ಅದರ ಕೆಳಗಿನ ಜೇಡಿ ಎಷ್ಟು ದಪ್ಪ ಎಂದು ನೋಡಿ. ಹೂಳು ಮಾತ್ರ ತೆಗೆಯಿರಿ, ಜೇಡಿ ಮುಟ್ಟಬೇಡಿ. ಕುಡಿಯುವ ನೀರಿನ ಕಟ್ಟೆಯಾದರೆ ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಒಂದೇ ಹೊಲದಲ್ಲಿ ಭತ್ತ, ಮೆಕ್ಕೆಜೋಳ, ಮರಗೆಣಸು, ಆಮೇಲೆ ಶೇಂಗಾ. ಇದು ಹೇಗೆ ಸಾಧ್ಯ? ಬಿತ್ತನೆ ಯಾವಾಗ, ಕಟಾವು ಯಾವಾಗ? ನಮ್ಮ ಅಕ್ಕಡಿ ಸಾಲಿನಂತೆಯೇ?
– ಚಳ್ಳಕೆರೆಯಿಂದ ಇಬ್ಬರು, ದಾವಣಗೆರೆ ತಾಲ್ಲೂಕಿನಿಂದ ಒಬ್ಬರು

ಉತ್ತರ: ಅಕ್ಕಡಿಗೆ, ಅಂದರೆ ಮುಖ್ಯ ಬೆಳೆಯ ನಡುವೆ ಸಾಲಾಗಿ ಬೇರೆ ಬೆಳೆ ಹಾಕುವುದಕ್ಕೆ, ಹತ್ತಿರದ್ದೇ, ಆದರೆ ಸಾಲಿನ ಲೆಕ್ಕಕ್ಕಿಂತ ಕಾಲದ ಲೆಕ್ಕ ದೊಡ್ಡದು.

ಜಾವಾದಲ್ಲಿ ಅರ್ಧ ಹೆಕ್ಟೇರಿಗಿಂತ, ಎಂದರೆ ಸುಮಾರು 1 ಎಕರೆ 9 ಗುಂಟೆಗಿಂತ, ಕಡಿಮೆ ಹಿಡುವಳಿಯ ರೈತರೇ ಹೆಚ್ಚು. ಗುಡ್ಡದ ಹೊಲವಾದರೆ ಅದೂ ಕಲ್ಲು ಪೇರಿಸಿದ ಬದುಗಳ ನಡುವೆ ಹತ್ತಾರು ತುಂಡು. ಇಳಿಜಾರಿಗೆ ಅಡ್ಡಲಾಗಿ, ಹೊಲದಲ್ಲೇ ಆಯ್ದ ಸುಣ್ಣಕಲ್ಲನ್ನು ಮಣ್ಣು ಗಾರೆ ಇಲ್ಲದೆ ಒಣಗಲ್ಲಿನ ಗೋಡೆಯಾಗಿ ಜೋಡಿಸುತ್ತಾರೆ. ನೀರು ಸಂದಿಯಿಂದ ಹೊರಬರುತ್ತದೆ, ಕೆಂಪು ಮಣ್ಣು ಒಳಗೇ ನಿಲ್ಲುತ್ತದೆ. ಗಾರೆ ಹಾಕಿದರೆ ಹಿಂದೆ ನೀರು ತುಂಬಿ ಗೋಡೆಯನ್ನೇ ದೂಡಿಬಿಡುತ್ತದೆ.

ಭತ್ತ ಎಂದರೆ ಕೆಸರು ಗದ್ದೆಯದಲ್ಲ, ‘ಗೊಗೊ’ ಎಂಬ ಒಣಭೂಮಿ ಭತ್ತ. ಅಕ್ಟೋಬರಿನಲ್ಲಿ, ಮಳೆ ಬರುವ ಮೊದಲೇ, ಒಣ ಮಣ್ಣಿಗೆ ಬೀಜ ಹಾಕುತ್ತಾರೆ. ಚೂಪು ಕೋಲಿನಿಂದ ಸುಮಾರು ಒಂದು ಗೇಣಿಗೊಂದು ಕುಳಿ ಹೊಡೆದು, ಕುಳಿಗೆ ನಾಲ್ಕೈದು ಕಾಳು, ಮೇಲೆ ಪುಡಿ ಗೊಬ್ಬರ. ನಮ್ಮವರು ಹದ ನೋಡಿ ಬಿತ್ತುತ್ತಾರೆ, ಅವರು ಹದಕ್ಕೆ ಮುಂಚೆ. ಕಾರಣ ಸರಳ. ಆರು ತಿಂಗಳ ಮಳೆಯಲ್ಲಿ ಎರಡು ಬೆಳೆ ತೆಗೆಯಬೇಕಾದರೆ ಮೊದಲ ಮಳೆಯ ಒಂದು ಹನಿಯೂ ವ್ಯರ್ಥವಾಗಬಾರದು. ಭತ್ತದ ಜೊತೆಯಲ್ಲೇ ಮೆಕ್ಕೆಜೋಳವನ್ನು ವಿರಳವಾಗಿ, ಮರಗೆಣಸಿನ ತುಂಡುಗಳನ್ನು ಅಗಲ ಅಂತರದ ಸಾಲಿನಲ್ಲಿ ಊರುತ್ತಾರೆ. ಮರಗೆಣಸು ಮೊದಲ ಮೂರು ತಿಂಗಳು ನಿಧಾನ, ಭತ್ತಕ್ಕೆ ನೆರಳು ಮಾಡುವುದಿಲ್ಲ. ಸೆಗ್ರೆಂಗ್ ಎಂಬ ಕೆಂಪಕ್ಕಿಯ ಸ್ಥಳೀಯ ತಳಿ, ಸಿತು ಬಗೆಂದಿತ್ ಎಂಬ ಬಿಡುಗಡೆಯಾದ ತಳಿ, ಎರಡೂ ಹೆಚ್ಚುಕಡಿಮೆ ನಾಲ್ಕು ತಿಂಗಳ ಒಳಗಿನವು. ಫೆಬ್ರುವರಿ ಹೊತ್ತಿಗೆ ಭತ್ತ ಕೊಯ್ದು, ಮಣ್ಣಿನ ತೇವ ಆರುವ ಮೊದಲೇ ಆ ಪಟ್ಟಿಗೆ ಶೇಂಗಾ ಅಥವಾ ಸೋಯಾ ಹಾಕುತ್ತಾರೆ. ಅದು ಮೇ, ಜೂನಿಗೆ ಬರುತ್ತದೆ. ಎಲ್ಲ ಮುಗಿದ ಮೇಲೆ ಜುಲೈ, ಆಗಸ್ಟಿನ ಬಿರುಬಿಸಿಲಿನಲ್ಲಿ ಮರಗೆಣಸು ಕೀಳುತ್ತಾರೆ, ಒಣಗಿಸಲು ಆ ಬಿಸಿಲೇ ಬೇಕು.

ಕೈಕೊಡುವುದು ಎರಡು ಕಡೆ. ಅಕ್ಟೋಬರಿನಲ್ಲಿ ಒಂದು ಮಳೆ ಸುರಿದು ಎರಡು ವಾರ ಬಿಡುವು ಕೊಟ್ಟರೆ ಮೊಳಕೆ ಕರಟುತ್ತದೆ. ಅದಕ್ಕೇ ಬೀಜ ಪೂರ್ತಿ ಬಿತ್ತದೆ, ಮರುಬಿತ್ತನೆಗೆಂದು ಒಂದು ಪಾಲು ಎತ್ತಿಡುತ್ತಾರೆ. ಇನ್ನೊಂದು, ಭತ್ತದ ಕೊಯ್ಲು ಹದಿನೈದು ದಿನ ತಡವಾದರೂ ಶೇಂಗಾದ ಹೂಡು (ಹೂವಿನಿಂದ ಮಣ್ಣಿಗಿಳಿದು ಕಾಯಿಯಾಗುವ ಎಳೆ) ಇಳಿಯುವ ಹೊತ್ತಿಗೆ ಮಣ್ಣು ಗಟ್ಟಿಯಾಗಿ ಕಾಯಿ ಕಟ್ಟುವುದಿಲ್ಲ. ಹೂಡು ಒಣ ಮಣ್ಣನ್ನು ತೂರಲಾರದು ಎಂಬುದು ಚಳ್ಳಕೆರೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ನಕಲು ಮಾಡಬಹುದೇ? ಐನೂರು ಮಿ.ಮೀ. ಆಸುಪಾಸಿನ ಚಳ್ಳಕೆರೆಯಲ್ಲಿ ಗೊಗೊ ಭತ್ತ ಬೇಡವೇ ಬೇಡ. ಕಲಿಯಬೇಕಾದ್ದು ಬೇರೆ. ಆ ಹೊಲದಲ್ಲಿ ಮಳೆ ಬೇಗ ನಿಂತರೂ ಏನಾದರೊಂದು ಕೈಗೆ ಬರುತ್ತದೆ. ದಾವಣಗೆರೆಯ ಮಳೆಯಾಶ್ರಿತ ಕೆಂಪು ಭೂಮಿಯಲ್ಲಿ ಈಗ ಮೆಕ್ಕೆಜೋಳವೊಂದೇ ಗೋಡೆಯಂತೆ ನಿಂತಿರುತ್ತದೆ, ಅದರ ನಡುವೆ ತೊಗರಿಯ ಅಕ್ಕಡಿಯನ್ನು ಕೈಬಿಟ್ಟವರು ಬಹಳ. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷ, ಅಥವಾ ತೆನೆ ಕಟ್ಟುವಾಗ ಮಳೆ ತಪ್ಪಿದ ವರ್ಷ, ಆ ತೊಗರಿ ಇದ್ದಿದ್ದರೆ ಎಂದು ನಮಗೆ ನಿಜಕ್ಕೂ ಅನಿಸುತ್ತದೆ.

ಪ್ರಶ್ನೆ: ನಮಗೆ ರೋಹಿಣಿ, ಮೃಗಶಿರ, ಆರಿದ್ರ ಇದ್ದಂತೆ ಅವರಿಗೂ ಮಳೆಯ ಪಂಚಾಂಗ ಇದೆಯೇ?
– ಹರಿಹರದ ನಿವೃತ್ತ ಶಿಕ್ಷಕರು

ಉತ್ತರ: ಇದೆ. ‘ಪ್ರನತ ಮಂಗ್ಸ’ ಎಂದು ಹೆಸರು. ವರ್ಷವನ್ನು ಹನ್ನೆರಡು ಭಾಗ ಮಾಡುತ್ತಾರೆ, ಆದರೆ ಭಾಗಗಳು ಸಮವಲ್ಲ. 23 ದಿನದ್ದೂ ಇದೆ, 43 ದಿನದ್ದೂ ಇದೆ. ಹಳ್ಳಿಯವರ ಬಾಯಲ್ಲಿದ್ದುದನ್ನು 1850ರ ದಶಕದಲ್ಲಿ ಸುರಕರ್ತದ ಅರಸ ಏಳನೆಯ ಪಾಕುಬುವನ ಕ್ರಮಪಡಿಸಿದ. ವರ್ಷ ಶುರುವಾಗುವುದು ಜೂನ್ 22ಕ್ಕೆ, ಅಂದರೆ ನಮ್ಮಲ್ಲಿ ಆರಿದ್ರ ಮಳೆ ಹೂಡುವ ಹೊತ್ತಿಗೆ. ಆದರೆ ಅವರು ಭೂಮಧ್ಯರೇಖೆಯ ದಕ್ಷಿಣಕ್ಕೆ ಇದ್ದಾರೆ. ನಮಗೆ ಬಿತ್ತನೆಯ ದಿನ ಅವರಿಗೆ ಎಲೆ ಉದುರುವ ದಿನ. ನಾಲ್ಕನೆಯ ಭಾಗ ಸೆಪ್ಟೆಂಬರ್ 18ರ ಸುಮಾರಿಗೆ, ಐದನೆಯದು ಅಕ್ಟೋಬರ್ 13ರ ಸುಮಾರಿಗೆ ಹೂಡುತ್ತದೆ. ಒಣ ಬಿತ್ತನೆ ಈ ಐದನೆಯದರಲ್ಲಿ. ನಾವು ಮೃಗಶಿರವನ್ನು ಗುರುತಿಸುವ ಅದೇ ನಕ್ಷತ್ರಗುಂಪಿನಲ್ಲಿ ಅವರು ನೇಗಿಲನ್ನು ಕಾಣುತ್ತಾರೆ.

ಈಗ ಲೆಕ್ಕ ತಪ್ಪುತ್ತಿದೆ, ನಮ್ಮಲ್ಲೂ ತಪ್ಪುತ್ತಿರುವಂತೆಯೇ. 2023ರ ಎಲ್ ನಿನೊ ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರದ ಪಟ್ಟಿಗೆ ಸೇರಿಸಿದ ವರ್ಷವೇ ಜಾವಾದ ಮಳೆಯನ್ನೂ ತಡ ಮಾಡಿತು. ಅಲ್ಲಿನ ಹವಾಮಾನ ಇಲಾಖೆ ಮಳೆಗಾಲ ಶುರುವಾಯಿತು ಎಂದು ಹೇಳಲು ಒಂದು ಅಳತೆ ಇಟ್ಟುಕೊಂಡಿದೆ: ಹತ್ತು ದಿನದಲ್ಲಿ 50 ಮಿ.ಮೀ. ಬೀಳಬೇಕು, ಮುಂದಿನ ಎರಡು ಹತ್ತು ದಿನಗಳಲ್ಲೂ ಅಷ್ಟು ಬರಬೇಕು. ಒಂದು ದೊಡ್ಡ ಮಳೆಯನ್ನು ನಂಬಿ ಬೀಜ ಕಳೆದುಕೊಳ್ಳದಿರಲಿ ಎಂಬುದು ಅದರ ಉದ್ದೇಶ.

ಪ್ರಶ್ನೆ: ಮರಗೆಣಸಿನ ಹಿಟ್ಟಿನ ತಿವುಲ್ ಮಾಡುವ ಬಗೆ ತಿಳಿಸಿ. ಮರಗೆಣಸಿನಲ್ಲಿ ವಿಷ ಇದೆ ಅಂತಾರಲ್ಲ, ಮಕ್ಕಳಿಗೆ ಕೊಡಬಹುದಾ?
– ಚನ್ನಗಿರಿಯ ಗೃಹಿಣಿ

ಉತ್ತರ: ವಿಷದಿಂದಲೇ ಶುರು ಮಾಡೋಣ. ಮರಗೆಣಸಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ತಿರುಳಿಗಿಂತ ಸಿಪ್ಪೆಯಲ್ಲಿ ಜಾಸ್ತಿ, ಕಹಿ ತಳಿಯಲ್ಲಿ ಇನ್ನೂ ಜಾಸ್ತಿ. ಹಸಿಯಾಗಿ ಯಾರೂ ತಿನ್ನಬಾರದು. ಸಿಪ್ಪೆಯನ್ನು ಒಳಗಿನ ದಪ್ಪ ಪದರ ಸಮೇತ ತೆಗೆದು, ನೆನೆಸಿ, ಒಣಗಿಸಿ, ಬೇಯಿಸಿದರೆ ಸಿಹಿ ತಳಿಯ ಗೆಡ್ಡೆ ಅಪಾಯವಲ್ಲ. ಕಹಿ ಎನಿಸಿದ ಗೆಡ್ಡೆಯನ್ನು ಎಸೆದುಬಿಡಿ.

ಸಿಪ್ಪೆ ತೆಗೆದ ಗೆಡ್ಡೆಯನ್ನು ತೊಳೆದು, ಉದ್ದಕ್ಕೆ ಸೀಳಿ, ನೆನೆಸಿ, ಬಿಸಿಲಿನಲ್ಲಿ ಹರಡಿ ನಾಲ್ಕೈದು ದಿನ ಒಣಗಿಸುತ್ತಾರೆ. ಮುರಿದರೆ ಪಟ್ಟೆಂದು ಶಬ್ದ ಬರಬೇಕು, ಒಳಗೆ ಸುಣ್ಣದಂತೆ ಬಿಳಿ ಇರಬೇಕು. ಇದು ‘ಗಾಪ್ಲೆಕ್’. ಮೂರು ಕೆ.ಜಿ. ಹಸಿ ಗೆಡ್ಡೆಗೆ ಸುಮಾರು ಒಂದು ಕೆ.ಜಿ. ಸಿಗುತ್ತದೆ. ಇದನ್ನು ಕುಟ್ಟಿ ಹಿಟ್ಟು ಮಾಡಿ, ಮೊರದಲ್ಲಿ ಹರಡಿ, ನೀರು ಚಿಮುಕಿಸುತ್ತ ಬೆರಳಿನಿಂದ ಉಜ್ಜುತ್ತಾರೆ. ಹಿಟ್ಟು ಉಪ್ಪಿಟ್ಟಿನ ರವೆಯಷ್ಟು ಕಾಳಾಗಬೇಕು. ನೀರು ಹೆಚ್ಚಾದರೆ ಮುದ್ದೆ ಕಟ್ಟಿ ನಡುವೆ ಬೇಯುವುದಿಲ್ಲ, ಕಡಿಮೆಯಾದರೆ ಪುಡಿಯಾಗಿಯೇ ಉಳಿದು ಗಂಟಲು ಹಿಡಿಯುತ್ತದೆ. ಬಟ್ಟೆ ಹಾಸಿದ ಹಬೆ ಪಾತ್ರೆಯಲ್ಲಿ ಅರ್ಧ ಗಂಟೆ. ಬೆಲ್ಲ, ತೆಂಗಿನ ತುರಿ ಬೆರೆಸಿದರೆ ತಿಂಡಿ, ಸೊಪ್ಪಿನ ಪಲ್ಯದ ಜೊತೆಗಾದರೆ ಊಟ.

ಒಣಗುವಾಗ ಮಳೆಗೆ ನೆನೆದು ಕಪ್ಪು ತಿರುಗಿದ ಗಾಪ್ಲೆಕ್‌ನಿಂದ ಅವರು ‘ಗಾತೋತ್’ ಎಂಬ ಇನ್ನೊಂದು ತಿಂಡಿ ಮಾಡುತ್ತಾರೆ. ಯಾವ ಬೂಷ್ಟು ತಿನ್ನಬಹುದು, ಯಾವುದು ಕೂಡದು ಎಂಬ ರೂಢಿ ಅವರಿಗಿದೆ, ನಮಗಿಲ್ಲ. ನೀವು ಪ್ರಯತ್ನಿಸಬೇಡಿ. ಮಕ್ಕಳ ವಿಚಾರ: ತಿವುಲ್ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನು ತೀರಾ ಕಡಿಮೆ. ಅಲ್ಲಿ ಅದರ ಜೊತೆ ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ, ಶೇಂಗಾ, ಹುರಿದ ಮಿಡತೆ ಇರುತ್ತದೆ. ನಮ್ಮ ಮನೆಯಲ್ಲಿ ಹುರುಳಿ ಸಾರೋ ಶೇಂಗಾ ಚಟ್ನಿಯೋ ಇರಲೇಬೇಕು. ರಾಗಿ ಮುದ್ದೆಯ ಜಾಗಕ್ಕೆ ಇದನ್ನು ತರಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಪ್ರಶ್ನೆ: ದನಗಳಿಗೆ ಬೇಸಿಗೆಯಲ್ಲಿ ಮೇವು ಎಲ್ಲಿಂದ? ಗೋಶಾಲೆ ತೆರೆಯುತ್ತಾರಾ?
– ಹಿರಿಯೂರು

ಉತ್ತರ: ಗೋಶಾಲೆ ಇಲ್ಲ, ಬಯಲು ಮೇಯಿಸುವುದೂ ಇಲ್ಲ. ಮನೆಗೆ ಒಂದೋ ಎರಡೋ ದನ, ಅದೂ ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕುವುದು. ತಳಿ ನಿಮಗೆ ಅಪರಿಚಿತವಲ್ಲ. ಡಚ್ಚರ ಕಾಲದಲ್ಲಿ ನಮ್ಮ ನೆರೆಯ ಆಂಧ್ರದ ಒಂಗೋಲ್ ಹೋರಿಗಳನ್ನು ಹಡಗಿನಲ್ಲಿ ಒಯ್ದು ಅಲ್ಲಿನ ಹಸುಗಳಿಗೆ ಬೆರೆಸಿದ ಸಂತತಿ ಅದು, ‘ಪೆರನಾಕನ್ ಒಂಗೋಲ್’. ಬಿಳಿ ಮೈ, ಎತ್ತರದ ಇಣಿ, ಜೋಲುವ ಗಂಗೆದೊಗಲು ಎಲ್ಲ ಹಾಗೇ ಇದೆ.

300 ಕೆ.ಜಿ. ತೂಕದ ದನಕ್ಕೆ ದಿನಕ್ಕೆ ಸುಮಾರು 30 ಕೆ.ಜಿ. ಹಸಿರು ಬೇಕು. ಕಲ್ಲುಬದುವಿನ ಅಂಚಿನುದ್ದಕ್ಕೂ ಆನೆಹುಲ್ಲು, ಗ್ಲಿರಿಸಿಡಿಯಾ, ಸುಬಾಬುಲ್ ಬೆಳೆಸಿರುತ್ತಾರೆ. ಬೆಳೆಯ ಜಾಗ ಒಂದು ಅಡಿಯೂ ಹೋಗುವುದಿಲ್ಲ, ಬೇರು ಬದುವನ್ನೂ ಹಿಡಿಯುತ್ತದೆ. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಿದರೆ ಕೂದಲು ಉದುರುತ್ತದೆ. ಮರಗೆಣಸಿನ ಸೊಪ್ಪನ್ನು ಒಂದು ದಿನ ಬಾಡಿಸದೆ ಹಾಕಬಾರದು. ಆಗಸ್ಟ್ ಹೊತ್ತಿಗೆ ಇದೂ ಮುಗಿದು, ತಗ್ಗಿನ ನೀರಾವರಿ ಸೀಮೆಯಿಂದ ಲಾರಿಯಲ್ಲಿ ಭತ್ತದ ಹುಲ್ಲು ತರಿಸುತ್ತಾರೆ. ಭದ್ರಾ ನಾಲೆಯ ಹುಲ್ಲು ಹಿರಿಯೂರಿಗೆ ಏರಿ ಬರುವಂತೆಯೇ. ಅದಕ್ಕೂ ದುಡ್ಡಿಲ್ಲದವರು ದನ ಮಾರುತ್ತಾರೆ, ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಕುಸಿಯುತ್ತದೆ. ಅದನ್ನು ತಪ್ಪಿಸಲು ಹೊಲದಂಚಿನ ತೇಗ ನೆರವಿಗೆ ಬರುತ್ತದೆ. ಮದುವೆ, ಕಾಲೇಜು ಫೀಸು, ಆಸ್ಪತ್ರೆ ಬಂದಾಗ ಎಷ್ಟು ಬೇಕೋ ಅಷ್ಟೇ ಮರ ಕಡಿಯುತ್ತಾರೆ. ಎಳೆಯ ಮರ ಕಡಿದರೆ ತಿರುಳು ಬಲಿತಿರುವುದಿಲ್ಲ, ಬೆಲೆ ಕಡಿಮೆ ಎಂದು ಗೊತ್ತಿದ್ದೂ.

ದನದ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಅಲ್ಲಿ ‘ಬ್ರಾಂಡು’ ಎಂಬ ಪದ್ಧತಿಯಿದೆ. ಒಬ್ಬನ ದನ ಕಾಯಿಲೆ ಬಿದ್ದು ಸಾಯುವಂತಾದರೆ ನೆರೆಯವರು ಅದನ್ನು ಕಡಿದು, ಮಾಂಸ ಹಂಚಿಕೊಂಡು, ತಲಾ ಇಷ್ಟು ಎಂದು ದುಡ್ಡು ಕೂಡಿಸಿ ಮಾಲೀಕನಿಗೆ ಕೊಡುತ್ತಾರೆ. ಒಬ್ಬನ ನಷ್ಟವನ್ನು ಎಲ್ಲರೂ ಹೊರುವ ಒಳ್ಳೆಯ ಮನಸ್ಸು. ಆದರೆ 2023ರಲ್ಲಿ ಸೆಮಾನು ಭಾಗದಲ್ಲಿ ಆಂಥ್ರಾಕ್ಸ್‌ನಿಂದ, ಅಂದರೆ ನೆರಡಿ ರೋಗದಿಂದ, ಸತ್ತ ದನದ ಮಾಂಸ ಹೀಗೆ ಹಂಚಿಹೋಗಿ, ಎಂಬತ್ತಕ್ಕೂ ಹೆಚ್ಚು ಜನರ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತು, ಸಾವೂ ಆಯಿತು. ಹೂತ ದನವನ್ನು ಮತ್ತೆ ಅಗೆದು ತೆಗೆದದ್ದೂ ಇತ್ತು. ಈ ರೋಗಾಣು ಗಾಳಿಗೆ ಒಡ್ಡಿದೊಡನೆ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತದೆ. ನಿನ್ನೆ ಮೇವು ತಿಂದ ದನ ಇಂದು ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಚರ್ಮ ಸುಲಿಯಬೇಡಿ, ಹೊಟ್ಟೆ ಕೊಯ್ಯಬೇಡಿ, ಮುಟ್ಟದೆ ಪಶುವೈದ್ಯರನ್ನು ಕರೆಯಿರಿ. ಆರಡಿ ಗುಂಡಿ, ಮೇಲೆ ಕೆಳಗೆ ಸುಣ್ಣ, ಸುತ್ತ ಮುಳ್ಳುಬೇಲಿ. ರೋಗ ಬಂದ ಊರಿನಲ್ಲಿ ವರ್ಷಕ್ಕೊಮ್ಮೆ ಲಸಿಕೆ.

ಪ್ರಶ್ನೆ: ಅಲ್ಲಿ ಪಂಚಾಯಿತಿ ಹೇಗೆ?
– ಹೊನ್ನಾಳಿ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ

ಉತ್ತರ: ಗುನುಂಗ್‌ಕಿದುಲ್ ಜಿಲ್ಲೆಯಲ್ಲಿ 18 ಹೋಬಳಿಯಂಥ ವಿಭಾಗ, 144 ಗ್ರಾಮ. ಗ್ರಾಮದ ಮುಖ್ಯಸ್ಥ ‘ಲುರಾಹ್’ನನ್ನು ಸದಸ್ಯರಲ್ಲ, ಊರಿನ ಮತದಾರರೇ ನೇರವಾಗಿ ಆರಿಸುತ್ತಾರೆ. ದೇಶದ ಗ್ರಾಮ ಕಾನೂನು ಬಂದದ್ದು 2014ರಲ್ಲಿ, ಕೇಂದ್ರದ ಹಣ ನೇರ ಗ್ರಾಮಕ್ಕೆ ಬರಲು ಶುರುವಾದದ್ದು 2015ರಲ್ಲಿ. 2024ರ ತಿದ್ದುಪಡಿ ಮುಖ್ಯಸ್ಥರ ಅವಧಿಯನ್ನು ಆರು ವರ್ಷದಿಂದ ಎಂಟಕ್ಕೆ ಏರಿಸಿತು. ಅಷ್ಟು ಉದ್ದ ಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ, ಕೆಲಸ ಮಾಡದವನನ್ನು ಬದಲಿಸಲು ಊರು ಎಂಟು ವರ್ಷ ಕಾಯಬೇಕು.

ಆದರೆ ಊರು ನಡೆಯುವುದು ಇನ್ನೂ ಕೆಳಗೆ, ‘ಆರ್‌ಟಿ’ ಎಂಬ ಹತ್ತಾರು ಮನೆಗಳ ಕೂಟದಲ್ಲಿ. ರಾತ್ರಿ ಗಸ್ತು ಸರದಿಯ ಮೇಲೆ. ಪ್ರತಿ ಮನೆಯ ಮುಂದೆ ನೇತುಹಾಕಿದ ಡಬ್ಬಿಯಲ್ಲಿ ಮನೆಯವರು ಒಂದು ಚಿಟಿಕೆ ಅಕ್ಕಿಯನ್ನೋ ಬಿಡಿ ಕಾಸನ್ನೋ ಇಟ್ಟಿರುತ್ತಾರೆ, ಗಸ್ತಿನವರು ಅದನ್ನು ಕೂಡಿಸಿಕೊಳ್ಳುತ್ತ ಹೋಗುತ್ತಾರೆ. ಡಬ್ಬಿ ಮುಟ್ಟಿದರೆಂದರೆ ಆ ಮನೆಯ ಮುಂದೆ ಹಾದರೆಂದೇ ಲೆಕ್ಕ. ಕೂಡಿದ ದುಡ್ಡಿನಲ್ಲಿ ಬೀದಿ ದೀಪ, ಕಾಯಿಲೆ ಬಿದ್ದವರಿಗೆ ನೆರವು. ಮನೆ ಕಟ್ಟುವಾಗ ಕೂಲಿಯಿಲ್ಲದೆ ಬಂದು ದುಡಿಯುವುದು ‘ಸಂಬತಾನ್’, ನಮ್ಮ ಮುಯ್ಯಾಳಿನ ಹಾಗೆ, ಮುಂದೆ ನೀವೂ ಹೋಗಬೇಕು. ‘ಅರಿಸಾನ್’ ಎಂದರೆ ಹರಾಜಿಲ್ಲದ ಚೀಟಿ: ಕಮಿಷನ್ ಇಲ್ಲ, ಹೆಸರು ಎತ್ತಿ ಕೊಡುತ್ತಾರೆ. ನಿಮ್ಮ ಸ್ತ್ರೀಶಕ್ತಿ ಗುಂಪುಗಳಲ್ಲಿ ಇದನ್ನು ನಾಳೆಯೇ ಶುರು ಮಾಡಬಹುದು.

ಪ್ರಶ್ನೆ: ಹೋಗಿ ನೋಡಿ ಬರಬೇಕೆಂದರೆ? ನಾವು ಸಸ್ಯಾಹಾರಿಗಳು.
– ದಾವಣಗೆರೆಯ ಕೃಷಿ ವಿದ್ಯಾರ್ಥಿ

ಉತ್ತರ: ಜಕಾರ್ತ ಅಥವಾ ಬಾಲಿ ಮೂಲಕ ಯೋಗ್ಯಕರ್ತಕ್ಕೆ ವಿಮಾನ, ಯೋಗ್ಯಕರ್ತ ನಗರದಿಂದ ಜಿಲ್ಲಾ ಕೇಂದ್ರ ವೊನೊಸಾರಿಗೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಭಾರತೀಯರಿಗೆ ಅಲ್ಲಿಳಿದ ಮೇಲೆ 30 ದಿನದ ವೀಸಾ ಸಿಗುತ್ತದೆ. ಹಳ್ಳಿಯ ಮನೆಯಲ್ಲಿ ತಂಗಲು ವ್ಯವಸ್ಥೆ ಬೇಕಿದ್ದರೆ ಪಾತುಕ್ ಭಾಗದ ನ್‌ಗ್ಲಂಗೆರಾನ್ ಅನುಕೂಲ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2021ರಲ್ಲಿ ಉತ್ತಮ ಪ್ರವಾಸಿ ಗ್ರಾಮಗಳಲ್ಲಿ ಒಂದೆಂದು ಆರಿಸಿದ ಊರದು. ಗುಡ್ಡದ ಮೇಲೆ ಮಳೆನೀರಿನ ಹೊಂಡ ಕಟ್ಟಿ ಕೆಳಗಿನ ಹಣ್ಣಿನ ತೋಟಕ್ಕೆ ಇಳಿಸುವ ಬಗೆಯನ್ನೂ ಅಲ್ಲೇ ನೋಡಬಹುದು. ಆದರೆ ಅದು ಉತ್ತರದ ಜ್ವಾಲಾಮುಖಿ ಬಂಡೆಯ ಭಾಗ. ಸುಣ್ಣಕಲ್ಲಿನ ಬೇಸಾಯ ನೋಡಲು ದಕ್ಷಿಣಕ್ಕೆ ಇಳಿಯಲೇಬೇಕು. ಹಳ್ಳಿಯಲ್ಲಿ ರಾತ್ರಿ ತಂಗಿದರೆ 24 ಗಂಟೆಯೊಳಗೆ ಆರ್‌ಟಿ ಮುಖ್ಯಸ್ಥರಿಗೆ ತಿಳಿಸುವುದು ಅಲ್ಲಿನ ನಿಯಮ, ಪಾಸ್‌ಪೋರ್ಟ್ ನಕಲು ಇಟ್ಟುಕೊಳ್ಳಿ.

ಊಟಕ್ಕೆ ಟೆಂಪೆ, ತೋಫು, ತೆಂಗಿನ ಹಾಲಿನ ತರಕಾರಿ ಎಲ್ಲೆಡೆ ಸಿಗುತ್ತದೆ. ಮೋಸವಾಗುವುದು ಖಾರದ ಚಟ್ನಿಯಲ್ಲಿ. ಅವರ ‘ಸಂಬಲ್’ಗೆ ಸಾಮಾನ್ಯವಾಗಿ ‘ತೆರಾಸಿ’ ಎಂಬ ಸೀಗಡಿ ಮುದ್ದೆ ಹಾಕಿರುತ್ತಾರೆ, ಮಾಂಸವಿಲ್ಲ ಎಂದು ಹೇಳಿದರೂ ಅದು ಇರುತ್ತದೆ. ‘ತನ್ಪಾ ತೆರಾಸಿ’, ತೆರಾಸಿ ಬೇಡ, ಎಂದು ಮೊದಲೇ ಹೇಳಿ. ಒಣ ಬಿತ್ತನೆ ನೋಡಲು ಅಕ್ಟೋಬರ್ ನಡುವಿನಿಂದ, ಭತ್ತದ ಕೊಯ್ಲಿಗೆ ಫೆಬ್ರುವರಿ, ಗಾಪ್ಲೆಕ್ ಒಣಗಿಸುವುದಕ್ಕೆ ಆಗಸ್ಟ್. ಒಂದೇ ಸಲ ಹೋಗಲು ಸಾಧ್ಯವಿದ್ದರೆ ಆಗಸ್ಟನ್ನೇ ಆರಿಸಿ. ತೊಟ್ಟಿ, ತೆಲಾಗಾ, ಮೇವು ಮೂರೂ ತಳ ಮುಟ್ಟಿರುವ ತಿಂಗಳದು, ಆ ಬೇಸಾಯ ಹೀಗೇಕೆ ಇದೆ ಎಂಬುದು ಆಗಲೇ ಅರ್ಥವಾಗುವುದು.